ನಾಲ್ವರ ಮೇಜಿಗೆ ಬಿದ್ದ ಬೀಗ

ಜನವರಿ 9

ಪುಟ್ಟೀ,

ನಿನ್ನ ಕಾಗದ ಓದಿ ಅಡುಗೆಮನೆಯಲ್ಲೇ ಒಂದು ಸುತ್ತು ಕುಣಿದೆ. ನೋಡುವವರು ಯಾರೂ ಇರಲಿಲ್ಲ, ಬಚಾವಾದೆ. ಇಂಟರ್‌ನೆಟ್ ಕಂಪನಿಯಲ್ಲಿ ಒಂದು ವಿಭಾಗಕ್ಕೇ ಮುಖ್ಯಸ್ಥೆ ಅಂದರೆ ಹುಡುಗಾಟವೇ? ನಾನು ಅರ್ಧ ಆಯಸ್ಸು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಕಂಡವರ ಮಾತನ್ನೆಲ್ಲ ಜೋಡಿಸಿದೆ, ಒಬ್ಬರಾದರೂ ತಿರುಗುವ ಕುರ್ಚಿ ಕೊಡಲಿಲ್ಲ. ನಿನಗೆ ಕೊಟ್ಟಿದ್ದಾರಂತೆ. ನನ್ನ ಪಾಲಿನದೂ ಸೇರಿಸಿ ಎರಡು ಸುತ್ತು ಹೆಚ್ಚಿಗೆ ತಿರುಗು.

ಫೋನ್ ಮಾಡದೆ ಬರೆದು ಕಳಿಸಿದ್ದು ಒಳ್ಳೆಯದಾಯಿತು. ಫೋನಿನಲ್ಲಿ ನೀನು ಹೇಳಿದ್ದು ಅರ್ಧ ನನ್ನ ಕಿವಿಯವರೆಗೆ ಬರುವುದೇ ಇಲ್ಲ. ಮೊಬೈಲಿನ ಮೆಸೇಜಿನಲ್ಲೋ, ‘ಊಟ ಆಯ್ತಾ’ ದಾಟಿ ನೀನು ಮುಂದೆ ಹೋಗುವುದಿಲ್ಲ. ಕಾಗದದಲ್ಲಿ ಮಾತ್ರ ನನ್ನ ಮಗಳು ಪೂರ್ತಿ ಸಿಗುತ್ತಾಳೆ.

ಅಪ್ಪ ಹೋದಮೇಲೆ ಸಂಜೆ ಒಬ್ಬಳೇ ಏನು ಮಾಡುತ್ತೀ ಎಂದು ಪ್ರತಿ ಸಲ ಕೇಳುತ್ತೀ. ಒಬ್ಬಳೇ ಎಲ್ಲಿದ್ದೇನೆ? ನಾವು ನಾಲ್ವರು ದಿನಾ ಸಂಜೆ ಕಂಪ್ಯೂಟರಿನಲ್ಲಿ ಇಸ್ಪೀಟು ಆಡುತ್ತೇವೆ. ಹಣಗಿಣ ಏನಿಲ್ಲ. ಹಲ್ಲಿನ ಡಾಕ್ಟರೊಬ್ಬರು ಕ್ಲಿನಿಕ್ಕು ಮುಚ್ಚಿದಮೇಲೆ ಹೊತ್ತು ಹೋಗದೆ ಮಾಡಿದ ಸೈಟು ಅದು. ಇನ್ನೊಬ್ಬರು ಬೇಕರಿಯಮ್ಮ, ಬೆಳಗಿನ ಜಾವ ಎದ್ದು ಒಲೆ ಹೊತ್ತಿಸುವವರು, ಆಟದ ಮಧ್ಯೆ ತೂಕಡಿಸುತ್ತಾರೆ. ನಾಲ್ಕನೆಯವರು ನದಿ ದಾಟಿಸುವ ಲಾಂಚು ನಡೆಸುತ್ತಿದ್ದವರು, ಈಗ ನಿವೃತ್ತರು. ನಾಲ್ವರದೂ ಬೇರೆ ಬೇರೆ ಊರು. ಒಬ್ಬರ ಮುಖ ಒಬ್ಬರು ನೋಡಿಲ್ಲ. ಎಲೆಗಳ ಕೆಳಗೆ ಮಾತಾಡಲು ಒಂದು ಪಟ್ಟಿ ಜಾಗ ಇದೆ; ಟೈಪ್ ಮಾಡಿ ಜಗಳ, ಟೈಪ್ ಮಾಡಿ ರಾಜಿ. ಅಲ್ಲಿ ನನಗೆ ಯಾರೂ ಎರಡನೇ ಸಲ ಹೇಳಬೇಕಿಲ್ಲ.

ಕೂದಲು ಗಿಡ್ಡ ಮಾಡಿಸಿದ್ದೀಯಂತೆ. ಫೋಟೋ ಕಳಿಸು, ಬೈಯುವುದೋ ಬೇಡವೋ ಆಮೇಲೆ ನೋಡೋಣ.

ನಿನ್ನ ಅಮ್ಮ

*

ಜನವರಿ 28

ಅಮ್ಮಾ,

ಫೋಟೋ ಇಟ್ಟಿದ್ದೇನೆ. ಬೈಯಬೇಡ, ಎರಡು ತಿಂಗಳಲ್ಲಿ ಬೆಳೆಯುತ್ತದೆ.

ಕೆಲಸ ಏನೆಂದು ಸರಿಯಾಗಿ ಹೇಳಿರಲಿಲ್ಲ. ಇಂಟರ್‌ನೆಟ್ಟಿನಲ್ಲಿ ಹಣ ಕಟ್ಟಿ ಪೋಕರ್ ಆಡಿಸುವ ಸೈಟುಗಳನ್ನು ಮುಚ್ಚಬೇಕೆಂದು ಕೋರ್ಟು ಆದೇಶ ಮಾಡಿದೆ. ನಮ್ಮ ಕಂಪನಿಯ ಮೂಲಕ ಇಂಟರ್‌ನೆಟ್ ಬಳಸುವ ಮನೆಗಳಿಗೆ ಅವು ಕಾಣಿಸದ ಹಾಗೆ ಮಾಡುವುದೇ ನನ್ನ ವಿಭಾಗದ ಕೆಲಸ. ಇವತ್ತು ಒಂದು ಹೆಸರು ಮುಚ್ಚಿದರೆ ನಾಳೆ ಇನ್ನೊಂದು ಹೆಸರಿಟ್ಟುಕೊಂಡು ಬರುತ್ತಾರೆ. ಅದಕ್ಕೇ ನಾವು ಒಂದು ಯಂತ್ರ ತಯಾರು ಮಾಡಿದ್ದೇವೆ. ಯಂತ್ರ ಅಂದರೆ ಪ್ರೋಗ್ರಾಮು. ಅದು ಹೆಸರು ನೋಡುವುದಿಲ್ಲ, ಮುಖ ನೋಡುತ್ತದೆ: ಎಲೆಗಳು, ಮೇಜು, ಪಣ ಕಟ್ಟುವ ಬಟನ್ನು. ಕಂಡರೆ ಬೀಗ.

ಇಷ್ಟು ಹಟ ಯಾಕೆ ಅಂತೀಯಾ? ನಮ್ಮ ಆಫೀಸಿನ ಡ್ರೈವರಣ್ಣನಿಂದಾಗಿ. ಸಿಗ್ನಲ್ಲು ಹಸಿರಾದರೂ ಗಾಡಿ ಹೊರಡುತ್ತಿರಲಿಲ್ಲ. ತೊಡೆಯ ಮೇಲಿನ ಫೋನಿನಲ್ಲಿ ಆಟ. ಅವರ ಮಗಳು ಶಾಲೆಯ ನಾಟಕದಲ್ಲಿ ರಾಣಿ ಆಗಿದ್ದಳಂತೆ. ಅಪ್ಪ ಶಾಲೆಯ ಗೇಟಿನ ಹೊರಗೆ ಕಾರಿನಲ್ಲೇ ‘ಇದೊಂದು ಆಟ, ಇದೊಂದು ಆಟ’ ಎಂದು ಕೂತರು; ಒಳಗೆ ನಾಟಕ ಮುಗಿದೇ ಹೋಯಿತು. ಮಾರನೇ ದಿನ ನನ್ನ ಮೇಜಿನ ಹತ್ತಿರ ಬಂದು ಹೇಳಿದರು: “ಮೇಡಂ, ನಿಮ್ಮ ಕೈಲಿ ಮುಚ್ಚೋಕೆ ಆಗುತ್ತಂತಲ್ಲ, ಮುಚ್ಚಿಬಿಡಿ. ನನ್ನ ಕೈಲಂತೂ ಆಗಲ್ಲ.”

ಇಷ್ಟು ದೊಡ್ಡ ಮನುಷ್ಯ ಹಾಗೆ ಕೇಳಿದಮೇಲೆ ಸುಮ್ಮನೆ ಕೂರಲಾದೀತೇ?

ಇನ್ನೊಂದು ಮಾತು. ಇಲ್ಲಿಗೇ ಬಂದುಬಿಡು ಎಂದು ಮತ್ತೆ ಕರೆಯುತ್ತೇನೆ. ಹೋದ ವರ್ಷ ತಿಂಗಳಿಗೆಂದು ಬಂದವಳು ವಾರ ತುಂಬುವ ಮೊದಲೇ ಹೊರಟೆ. ಯಾಕೆಂದು ನಾನು ಕೇಳಲಿಲ್ಲ, ನೀನು ಹೇಳಲಿಲ್ಲ.

ನಿನ್ನ
ಪುಟ್ಟಿ

*

ಫೆಬ್ರವರಿ 17

ಪುಟ್ಟೀ,

ಫೋಟೋ ನೋಡಿದೆ. ಬೈಯುವುದಿಲ್ಲ. ಥೇಟ್ ನಿಮ್ಮಪ್ಪನ ಕಿವಿ. ಇಷ್ಟು ದಿನ ಕೂದಲು ಮುಚ್ಚಿಟ್ಟಿತ್ತು, ಅಷ್ಟೇ.

ನಿನ್ನ ಡ್ರೈವರಣ್ಣನ ವಿಷಯ ಓದಿ ಮನಸ್ಸಿಗೆ ಒಂಥರಾ ಆಯಿತು. ನೀನು ಮಾಡುತ್ತಿರುವುದು ಒಳ್ಳೆಯ ಕೆಲಸ. ಇದನ್ನು ಮೊದಲೇ ಹೇಳಿಬಿಡುತ್ತೇನೆ.

ನಮ್ಮ ಇಸ್ಪೀಟಿನ ಮೇಜು ಸದ್ಯಕ್ಕೆ ಮುಚ್ಚಿದೆ. ಏನೋ ರಿಪೇರಿ. ಡಾಕ್ಟರು ಅದನ್ನು ಬೇರೆ ಜಾಗದಲ್ಲಿ ಹಾಕುತ್ತೇನೆ ಎಂದಿದ್ದಾರೆ. ಬೇಕರಿಯಮ್ಮನಿಗಂತೂ ಈಗ ನಿದ್ದೆಯೇ ಬರುತ್ತಿಲ್ಲವಂತೆ, ಆಟದ ಮಧ್ಯೆ ಬರುತ್ತಿದ್ದ ನಿದ್ದೆಯೇ ಚೆನ್ನಾಗಿತ್ತಂತೆ.

ಅಂದಹಾಗೆ, ಹಣವೇ ಇಲ್ಲದೆ ಯಾರಾದರೂ ಪೋಕರ್ ಆಡಿದರೆ? ಆಗಲೂ ನಿಮ್ಮ ಯಂತ್ರ ಹಿಡಿಯುತ್ತದೆಯೇ? ಸುಮ್ಮನೆ ಕೇಳಿದೆ.

ನಿನ್ನ ಮನೆಯಿಂದ ಯಾಕೆ ಬೇಗ ಹೊರಟೆ ಅಂದರೆ, ಗಿಡಗಳಿಗೆ ನೀರು ಹಾಕುವವರು ಇರಲಿಲ್ಲ.

ಅಮ್ಮ

*

ಮಾರ್ಚ್ 6

ಅಮ್ಮಾ,

ನಿನ್ನ ಮನೆಯಲ್ಲಿ ಇರುವುದೇ ಎರಡು ಕುಂಡ, ಅದರಲ್ಲಿ ಒಂದು ಪ್ಲಾಸ್ಟಿಕ್ಕಿನದು. ಹೋಗಲಿ ಬಿಡು.

ಹಣವಿಲ್ಲದೆ ಪೋಕರ್ ಯಾರಮ್ಮ ಆಡುತ್ತಾರೆ! ‘ಉಚಿತ’ ಎಂದು ಬೋರ್ಡು ಹಾಕಿ ಒಳಗೆ ಕರೆಯುವುದು, ರುಚಿ ಹತ್ತಿದಮೇಲೆ ಜೇಬಿಗೆ ಕೈ ಹಾಕುವುದು, ಇದು ಅವರ ಹಳೇ ಚಾಳಿ. ಮೊನ್ನೆ ಸಿಕ್ಕ ಒಂದು ಸೈಟಂತೂ ನಗು ಬರಿಸುವಂಥದ್ದು. ಹಣದ ಬದಲು ಶರ್ಟಿನ ಗುಂಡಿಗಳನ್ನು ಪಣಕ್ಕಿಟ್ಟ ಹಾಗೆ ವೇಷ! ಕೆಂಪು ಗುಂಡಿ, ಬಿಳಿ ಗುಂಡಿ, ಕೋಟಿನ ದೊಡ್ಡ ಗುಂಡಿ. ಏನು ತಲೆ ನೋಡು. ಮುಚ್ಚಿದರೆ ಜಾಗ ಬದಲಿಸಿದರು, ಮತ್ತೆ ಹಿಡಿದೆವು. ಮತ್ತೆ ಬದಲಿಸಿದರು, ಯಂತ್ರ ತಾನಾಗಿಯೇ ಹಿಡಿಯಿತು. ಖುಷಿಗೆ ಇಡೀ ವಿಭಾಗಕ್ಕೆ ಕೇಕ್ ತರಿಸಿದೆ.

ಡ್ರೈವರಣ್ಣ ಈಗ ಕಾರಿನಲ್ಲಿ ಕಾಯುವಾಗ ಮಗಳ ಪಾಠದ ಪುಸ್ತಕ ಓದುತ್ತಾರೆ. ನಿನ್ನೆ ನನಗೆ ಭೂಗೋಳದಲ್ಲಿ ಪ್ರಶ್ನೆ ಕೇಳಿದರು, ನಾನು ಸೋತೆ.

ನಿಮ್ಮ ಮೇಜು ರಿಪೇರಿ ಆಯಿತೇ?

ಪುಟ್ಟಿ

*

ಮಾರ್ಚ್ 15

ಪುಟ್ಟೀ,

ಕೇಕು ಚೆನ್ನಾಗಿತ್ತೇ? ಯಾವ ಕೇಕು? ಕ್ರೀಮಿನದೋ ಹಣ್ಣಿನದೋ?

ಮೇಜು ಇನ್ನೂ ರಿಪೇರಿ ಆಗಿಲ್ಲ. ಸಂಜೆ ಹೊತ್ತು ಕಪಾಟು ಒರೆಸುತ್ತೇನೆ. ಮನೆಯಲ್ಲಿ ಒರೆಸದ ಕಪಾಟು ಇನ್ನೊಂದೇ ಉಳಿದಿದೆ. ಅದಾದಮೇಲೆ ಏನು ಒರೆಸುವುದೋ ತಿಳಿಯದು.

ಲಾಂಚಿನವರು ಕಾಗದ ಬರೆಯಲು ಶುರು ಮಾಡಿದ್ದಾರೆ. ಅಕ್ಷರ ದುಂಡಗಿದೆ. ಹೆಚ್ಚೇನೂ ಬರೆಯುವುದಿಲ್ಲ. ನದಿಯಲ್ಲಿ ನೀರು ಎಷ್ಟಿದೆ, ಯಾವ ಹಕ್ಕಿ ಬಂತು, ಅಷ್ಟೇ.

ಅಮ್ಮ

*

ಏಪ್ರಿಲ್ 8

ಅಮ್ಮಾ,

ಆ ಗುಂಡಿಗಳು ನಿಮ್ಮವಾ?!

ಇವತ್ತು ಬೆಳಿಗ್ಗೆ ನಮ್ಮ ವಿಭಾಗಕ್ಕೆ ಕೋರ್ಟಿನಿಂದ ಒಂದು ತಕರಾರು ಅರ್ಜಿಯ ಪ್ರತಿ ಬಂತು. ‘ನಾವು ನಾಲ್ವರು ಹಿರಿಯರು ಗುಂಡಿಗಳಿಟ್ಟು ಪೋಕರ್ ಆಡುತ್ತೇವೆ, ನಮ್ಮ ಮೇಜನ್ನು ಅನ್ಯಾಯವಾಗಿ ಮುಚ್ಚಿದ್ದಾರೆ.’ ಗುಂಡಿಯವರು ಬಂದರು, ಗುಂಡಿಯವರು ಬಂದರು ಎಂದು ಎಲ್ಲರೂ ನಗುತ್ತಿದ್ದರು, ನಾನೂ ನಗುತ್ತಿದ್ದೆ. ಕೊನೆಗೆ ನಾಲ್ಕು ಸಹಿ. ನಾಲ್ಕನೇ ಸಹಿಗೆ ಬಾಲ. ನನ್ನ ಪ್ರಗತಿ ಪತ್ರಗಳಲ್ಲೆಲ್ಲ ಇದ್ದ ಬಾಲ. ನಾನು ತಿರುಗುವ ಕುರ್ಚಿಯಿಂದ ಕೆಳಗೆ ಬೀಳುವುದೊಂದು ಬಾಕಿ.

“ಸರ್, ಇದು ನಮ್ಮಮ್ಮ” ಅಂದೆ ಬಾಸಿಗೆ. ಅವರು ಅರ್ಜಿ ನೋಡಿದರು, ನನ್ನನ್ನು ನೋಡಿದರು, ಬಾಗಿಲು ಹಾಕಿಕೊಂಡು ಹೊಟ್ಟೆ ಹಿಡಿದು ನಕ್ಕರು. ಆಮೇಲೆ ಗಂಭೀರವಾಗಿ, “ಈ ಕೇಸಿನಿಂದ ನೀನು ದೂರ ಇರಬೇಕು. ಕೋರ್ಟಿಗೂ ಬರುವ ಹಾಗಿಲ್ಲ. ಯಂತ್ರದ ಬಗ್ಗೆ ವಕೀಲರು ಕೇಳಿದ್ದನ್ನು ಬರೆದುಕೊಟ್ಟರೆ ಸಾಕು” ಅಂದರು. ಸರಿಯೇ. ಬೀಗ ಹಾಕುವ ಅಧಿಕಾರ ನನ್ನದು, ತೆಗೆಯುವ ಅಧಿಕಾರ ಕೋರ್ಟಿನದು.

ಅಮ್ಮಾ, ಯಾಕೆ ಹೇಳಲಿಲ್ಲ? ಕಪಾಟು ಒರೆಸುತ್ತಾ ಕೂತೆಯಾ? ಕೇಕು ಯಾವುದೆಂದು ಕೇಳಿದೆಯಲ್ಲ, ಅದನ್ನು ಈಗ ಮತ್ತೆ ಓದಿದರೆ ಅಳು ಬರುತ್ತದೆ.

ಆದರೆ ನಿಮ್ಮ ಮೇಜು ತೆರೆದರೆ ಉಳಿದವರೂ ಗುಂಡಿಯ ವೇಷ ಹಾಕಿಕೊಂಡು ಬರುತ್ತಾರೆ. ಆಗ ಡ್ರೈವರಣ್ಣನ ಮುಖ ಹೇಗೆ ನೋಡಲಿ? ಎರಡೂ ಕಡೆ ನಮ್ಮವರೇ.

ಪುಟ್ಟಿ

*

ಏಪ್ರಿಲ್ 16

ಪುಟ್ಟೀ,

ಅಳಬೇಡ. ಕೇಕು ತಿಂದದ್ದು ತಪ್ಪಲ್ಲ.

ನೀನು ಪೋಕರ್ ಮುಚ್ಚುವ ಕೆಲಸಕ್ಕೆ ಸೇರಿದೆ ಎಂದು ಬರೆದಾಗಲೇ, ನಾವು ಆಡುವುದೂ ಅದೇ ಅಲ್ಲವೇ ಎಂದುಕೊಂಡೆ. ನಾಲ್ವರ ಮನೆಯಲ್ಲೂ ನಿಮ್ಮದೇ ಇಂಟರ್‌ನೆಟ್ಟು; ಮುಂದಿನ ವಾರ ಮೇಜು ತೆರೆದರೆ ಕೆಂಪಕ್ಷರ: ‘ಕಾನೂನಿನ ಆದೇಶದಂತೆ ಈ ತಾಣವನ್ನು ಮುಚ್ಚಲಾಗಿದೆ.’ ಹೊಸ ಹುದ್ದೆಗೆ ಬಂದು ಎರಡು ತಿಂಗಳೂ ಆಗಿಲ್ಲ, ನಿನ್ನ ಕಾಲಿಗೆ ನಾನೇ ಅಡ್ಡ ಬರಲೇ? ಬಾಯಿ ಮುಚ್ಚಿಕೊಂಡೆ. ಆದರೆ ಡಾಕ್ಟರು ಬಿಡಬೇಕಲ್ಲ. ಅವರು ಅರ್ಜಿ ಬರೆದು ಮನೆಮನೆಗೆ ಅಂಚೆಯಲ್ಲಿ ಕಳಿಸಿದರು. ಮೂರು ಸಹಿ ನೋಡಿದಮೇಲೆ ನಾಲ್ಕನೆಯದು ತಪ್ಪಿಸಲು ಮನಸ್ಸು ಬರಲಿಲ್ಲ. ಬೇರೆ ಸಹಿ ಹಾಕೋಣ ಎಂದು ಒಂದು ಕ್ಷಣ ಯೋಚಿಸಿದೆ, ಕೈ ಕೇಳಲಿಲ್ಲ, ಬಾಲ ಬಂದೇಬಿಟ್ಟಿತು.

ಈಗ ಕೇಳು. ಮನೆಯಲ್ಲಿ ನಾವು ತಾಯಿ ಮಗಳು, ಕೋರ್ಟಿನಲ್ಲಿ ಎದುರು ಪಕ್ಷ. ನೀನು ನಿನ್ನ ಕೆಲಸ ನೆಟ್ಟಗೆ ಮಾಡು. ನನಗೋಸ್ಕರ ಒಂದು ಕೂದಲಷ್ಟೂ ಬಾಗಬೇಡ. ನಾನೂ ಬಾಗುವುದಿಲ್ಲ.

ಡ್ರೈವರಣ್ಣನನ್ನು ನಮ್ಮ ಮೇಜಿಗೆ ಕರೆಯೋಣವೇ ಎಂದು ಬೇಕರಿಯಮ್ಮ ಕೇಳಿದರು. ಬೇಡ ಅಂದೆ. ಆ ಮನುಷ್ಯನಿಗೆ ಗುಂಡಿಯ ಆಟವೂ ಬೇಡ, ಭೂಗೋಳವೇ ಸರಿ.

ಅಮ್ಮ

*

ಮೇ 21

ಪುಟ್ಟೀ,

ಎದುರು ಪಕ್ಷದವಳ ನಮಸ್ಕಾರ! ನಿನ್ನೆ ವಿಚಾರಣೆ ಆಯಿತು. ಮೊದಲಿನಿಂದ ಹೇಳುತ್ತೇನೆ, ಮಧ್ಯೆ ಬಾಯಿ ಹಾಕಬೇಡ.

ಕೋರ್ಟಿನ ಮೆಟ್ಟಿಲ ಹತ್ತಿರ ನಾಲ್ವರೂ ಮೊದಲ ಸಲ ಮುಖಾಮುಖಿ. ಡಾಕ್ಟರು ಬಾಗಿಲಷ್ಟು ಎತ್ತರ ಇದ್ದಾರೆ, ನಾನು ಗುಬ್ಬಿಯಂಥವರು ಎಂದುಕೊಂಡಿದ್ದೆ. ಬೇಕರಿಯಮ್ಮ ಒಂದು ಡಬ್ಬಿ ಬಿಸ್ಕತ್ತು ತಂದಿದ್ದರು. ಬಾಗಿಲಲ್ಲಿ ಪೊಲೀಸಿನವರು ಡಬ್ಬಿ ತೆರೆಸಿ, ಪರೀಕ್ಷೆಗೆಂದು ಎರಡು ತಿಂದು, ಪಾಸು ಮಾಡಿದರು. ಲಾಂಚಿನವರು ನನ್ನ ಎದುರು ನಿಂತು ಏನೋ ಹೇಳಿದರು, ನನಗೆ ಕೇಳಿಸಲಿಲ್ಲ. ಅವರು ಮತ್ತೆ ಹೇಳಲಿಲ್ಲ. ಜೇಬಿನಿಂದ ಚೀಟಿ ತೆಗೆದು, ಗೋಡೆಗೆ ಒತ್ತಿಟ್ಟು ಬರೆದು ಕೊಟ್ಟರು: ‘ನೀವು ಟೈಪ್ ಮಾಡುವುದಕ್ಕಿಂತ ಚೆನ್ನಾಗಿದ್ದೀರಿ.’ ಇದಕ್ಕೆ ಏನು ಅರ್ಥವೋ ನೀನೇ ಹೇಳು.

ಒಳಗೆ ನ್ಯಾಯಾಧೀಶೆ ಹೆಂಗಸು, ಕನ್ನಡಕದ ಮೇಲಿನಿಂದ ನೋಡುವವರು. ನನಗೆ ಕಿವಿ ಕೇಳದು ಎಂದು ಡಾಕ್ಟರು ಹೇಳಿದ್ದೇ ತಡ, ಕೋರ್ಟಿನ ಟೈಪಿಸ್ಟ್ ಹುಡುಗಿಯ ಪರದೆಯನ್ನು ನನ್ನ ಕಡೆ ತಿರುಗಿಸಿಟ್ಟರು. ಯಾರು ಏನಂದರೂ ಅಕ್ಷರವಾಗಿ ಕಣ್ಣೆದುರು ಬರುತ್ತಿತ್ತು. ಎಷ್ಟೋ ವರ್ಷದ ಮೇಲೆ ಒಂದು ಕೋಣೆ ತುಂಬ ಜನರ ಮಾತು ಒಂದೂ ಬಿಡದೆ ನನಗೆ ಸಿಕ್ಕಿತು. ವಾದ ಮರೆತು ಸುಮ್ಮನೆ ಓದುತ್ತಾ ಕೂರೋಣ ಅನ್ನಿಸಿತು.

“ಏನು ಪಣ ಇಡ್ತೀರಿ?” ಅಂತ ಕೇಳಿದರು ನ್ಯಾಯಾಧೀಶೆ.

“ಗುಂಡಿ, ಮೇಡಂ. ಎಲ್ಲ ಗುಂಡಿ ಗೆದ್ದವರು ಉಳಿದವರಲ್ಲಿ ಒಬ್ಬರಿಗೆ ಒಂದು ಪ್ರಶ್ನೆ ಕೇಳಬಹುದು. ಅವರು ನಿಜ ಹೇಳಬೇಕು” ಅಂದೆ.

ನಿಮ್ಮ ಕಂಪನಿಯ ವಕೀಲರು ಎದ್ದು ನಿಂತರು. “ಕಾನೂನಿನಲ್ಲಿ ಹಣ ಅಥವಾ ಬೆಲೆಯುಳ್ಳ ವಸ್ತು ಅಂತಿದೆ. ನಿಜವಾದ ಉತ್ತರಕ್ಕೆ ಬೆಲೆ ಇಲ್ವಾ?”

“ಇವರ ಉತ್ತರಗಳನ್ನ ಮಾರೋಕೆ ಹೋದ್ರೆ ಒಬ್ಬ ಗಿರಾಕಿಯೂ ಸಿಗಲ್ಲ ಸಾರ್,” ಅಂದೆ. “ಹೋದ ಸಲ ಗೆದ್ದು ಡಾಕ್ಟರನ್ನ ಕೇಳಿದೆ, ನಿಮಗೆ ಎಷ್ಟು ಹಲ್ಲು ಉಳಿದಿವೆ ಅಂತ. ಅವರು ನಿಜ ಹೇಳಿದರು. ಅದನ್ನ ಯಾರು ಕೊಳ್ತಾರೆ?”

ಟೈಪಿಸ್ಟು ನಗು ತಡೆಯಲಾರದೆ ಒಂದು ಸಾಲು ತಪ್ಪು ಹೊಡೆದಳು. ನ್ಯಾಯಾಧೀಶೆ ಕನ್ನಡಕ ತೆಗೆದು ಒರೆಸಿಕೊಂಡರು.

ಆಮೇಲೆ ಕೇಳಿದರು, “ಹೊತ್ತು ಕಳೆಯೋಕೆ ಬೇರೆ ನೂರು ದಾರಿ ಇವೆಯಲ್ಲ, ಈ ಮೇಜೇ ಯಾಕೆ?”

ಪುಟ್ಟೀ, ಈ ಉತ್ತರ ನಿನಗೆ ಯಾವತ್ತೋ ಕೊಡಬೇಕಿತ್ತು. ಕೋರ್ಟಿನಲ್ಲಿ ಕೊಟ್ಟೆ. “ಹೋದ ವರ್ಷ ಮಗಳ ಮನೆಗೆ ಹೋಗಿದ್ದೆ. ಊಟಕ್ಕೆ ಅವಳ ಸ್ನೇಹಿತರು ಬಂದಿದ್ದರು. ಎಲ್ಲರೂ ನಕ್ಕಾಗ ನಾನೂ ನಕ್ಕೆ, ಎಲ್ಲರೂ ಸುಮ್ಮನಾದಾಗ ನಾನೂ ಸುಮ್ಮನಾದೆ. ಯಾಕೆ ನಕ್ಕರು ಅಂತ ಒಂದು ಸಲವೂ ಗೊತ್ತಾಗಲಿಲ್ಲ. ಅವಳಿಗೆ ಹೇಳಿದರೆ ನೊಂದುಕೊಳ್ತಾಳೆ ಅಂತ ಬೇಗ ಹೊರಟುಬಂದೆ. ಈ ಮೇಜಿನಲ್ಲಿ ನಾನು ನಕ್ಕರೆ ನಗು ಯಾಕೆ ಬಂತು ಅಂತ ನನಗೆ ಗೊತ್ತಿರುತ್ತೆ, ಮೇಡಂ.”

ಟೈಪಿಸ್ಟು ಆ ಕೊನೆಯ ಸಾಲನ್ನು ಪೂರ್ತಿ ಹೊಡೆದು, ಪರದೆಯನ್ನು ನನ್ನ ಕಡೆ ಇನ್ನಷ್ಟು ಸರಿಸಿದಳು.

ಊಟದ ಬಿಡುವಿನಲ್ಲಿ ಕಾರಿಡಾರಿನಲ್ಲಿ ಒಬ್ಬರು ಬಂದು ಎದುರು ನಿಂತರು. ವಕೀಲರನ್ನು ಕರೆತಂದ ನಿನ್ನ ಡ್ರೈವರಣ್ಣ! ಕಿವಿಯ ಹತ್ತಿರ ಬಾಗಿ, ಬಿಡಿಸಿ ಬಿಡಿಸಿ ಹೇಳಿದರು: “ಅಮ್ಮಾ, ನೀವು ಗೆಲ್ಲಿ. ಆದ್ರೆ ನಮ್ಮಂಥವರಿಗೆ ಹಾಕಿರೋ ಬೇಲಿ ಕೀಳಿಸಬೇಡಿ.” ಅವರ ಕೈ ಹಿಡಿದುಕೊಂಡೆ. ಬಿಡುವು ಮುಗಿದಮೇಲೆ ನಾನೇ ಎದ್ದು ಹೇಳಿದೆ: “ಮೇಡಂ, ಬೇಲಿ ಇರಲಿ, ಅದು ಬೇಕು. ನಾವು ಕೇಳ್ತಿರೋದು ಅದಕ್ಕೊಂದು ಗೇಟು.”

ಆಗ ನಿಮ್ಮ ವಕೀಲರು, ನಮ್ಮ ತಾಂತ್ರಿಕ ಮುಖ್ಯಸ್ಥೆ ಒಂದು ಟಿಪ್ಪಣಿ ಕೊಟ್ಟಿದ್ದಾರೆ ಎಂದು ಓದಿದರು. ಅಕ್ಷರಗಳು ಪರದೆಯಲ್ಲಿ ಒಂದೊಂದಾಗಿ ಬಂದವು: ‘ನಮ್ಮ ಯಂತ್ರಕ್ಕೆ ಎಲೆಗಳನ್ನು ಗುರುತಿಸಲು ಕಲಿಸಿದೆವು. ಹಣ ಒಳಗೆ ಹೋಗುವ ಬಾಗಿಲು ಇದೆಯೇ ಎಂದು ನೋಡಲು ಕಲಿಸಲಿಲ್ಲ. ಆ ಬಾಗಿಲಿಲ್ಲದ ಕಡೆ ಜೂಜಿಲ್ಲ. ಅದನ್ನು ಕಲಿಸಬಹುದು, ಕಲಿಸಿದರೆ ವೇಷ ಹಾಕಿದವರೂ ಸಿಕ್ಕಿಬೀಳುತ್ತಾರೆ.’ ಯಾರ ಮಾತು ಎಂದು ಪಕ್ಕದ ಬೇಕರಿಯಮ್ಮನಿಗೆ ಹೇಳಬೇಕಿರಲಿಲ್ಲ, ನನ್ನ ಮುಖ ನೋಡಿಯೇ ಅವರಿಗೆ ಗೊತ್ತಾಯಿತು. ಎರಡು ಬಿಸ್ಕತ್ತು ನನ್ನ ಕೈಗೆ ತುರುಕಿದರು.

ತೀರ್ಪು ಮುಂದಿನ ತಿಂಗಳು.

ಅಮ್ಮ

*

ಜೂನ್ 19

ಅಮ್ಮಾ,

ತೀರ್ಪು ನಿನಗೂ ತಲುಪಿರುತ್ತದೆ, ಆದರೂ ನಾನೇ ಬರೆಯಬೇಕು. ನೀವು ಗೆದ್ದಿರಿ! ನಿಮ್ಮ ಮೇಜಿನ ಬೀಗ ಇವತ್ತು ಬೆಳಿಗ್ಗೆ ನಾನೇ ನನ್ನ ಕೈಯಾರೆ ತೆಗೆದೆ. ಇಡೀ ವಿಭಾಗ ಹಿಂದೆ ನಿಂತು ಚಪ್ಪಾಳೆ ತಟ್ಟಿತು. ಪೋಕರ್ ಜೂಜಿನ ಮೇಲಿನ ಆದೇಶ ಹಾಗೇ ಉಳಿದಿದೆ. ಡ್ರೈವರಣ್ಣನಿಗೆ ಹೇಳಿದೆ, “ಗೊತ್ತಿತ್ತು, ಅಮ್ಮ ಮಾತು ಕೊಟ್ಟಿದ್ರು” ಅಂದರು. ಯಂತ್ರಕ್ಕೆ ಹೊಸ ಪಾಠವೂ ಆಗುತ್ತಿದೆ. ಮುಚ್ಚಿದ ಪುಟಗಳಲ್ಲೆಲ್ಲ ಇನ್ನು ಮುಂದೆ ಒಂದು ವಿಳಾಸ ಇರಬೇಕು, ಅಲ್ಲಿಗೆ ಬರೆದರೆ ಮನುಷ್ಯರೊಬ್ಬರು ಉತ್ತರ ಕೊಡಬೇಕು ಎಂದು ಕೋರ್ಟು ಹೇಳಿದೆ. ಆ ಮನುಷ್ಯಳು ನಾನು. ನಿನ್ನೆ ಮೊದಲ ದೂರು ಬಂತು: ಶುಭಾಶಯದ ಕಾರ್ಡು ಮಾರುವ ಅಂಗಡಿ. ‘ಕಾರ್ಡು’ ಎಂದು ಬರೆದದ್ದಕ್ಕೆ ಪಾಪ ಮೂರು ತಿಂಗಳಿಂದ ಮುಚ್ಚಿತ್ತು!

ಊಟದ ಮೇಜಿನ ಮಾತು. ಅದನ್ನು ಎಷ್ಟು ಸಲ ಓದಿದೆನೋ. ಆ ರಾತ್ರಿ ನೀನು ನಗುತ್ತಿದ್ದ ಫೋಟೋ ನನ್ನ ಹತ್ತಿರ ಇದೆ. ಅಮ್ಮ ಎಷ್ಟು ಖುಷಿಯಾಗಿದ್ದಾಳೆ ಎಂದು ಎಲ್ಲರಿಗೂ ತೋರಿಸಿದ್ದೆ. ನಾನು ನಿನ್ನ ಪಕ್ಕದಲ್ಲೇ ಕೂತಿದ್ದೆನಲ್ಲಮ್ಮಾ.

ಕ್ಷಮಿಸು ಎಂದು ಬರೆದು ಹೊಡೆದುಹಾಕಿದೆ, ನಿನಗೆ ಅದು ಇಷ್ಟವಾಗುವುದಿಲ್ಲ. ಬದಲಿಗೆ ಒಂದು ಕೆಲಸ ಮಾಡಿದೆ. ಮಾತಾಡಿದ್ದನ್ನು ಅಕ್ಷರ ಮಾಡಿ ತೋರಿಸುವ ಸಣ್ಣ ಪರದೆ ಸಿಗುತ್ತದೆ, ತಂದು ಊಟದ ಮೇಜಿನ ನಡುವೆ ಇಟ್ಟಿದ್ದೇನೆ. ಸ್ನೇಹಿತರು ಬಂದು ಅಭ್ಯಾಸ ಮಾಡಿದರು. ಅದು ‘ಸಾರು ಬಡಿಸು’ ಎಂದರೆ ‘ಸಾರ್ ಬಡಿ, ಸುಮ್ಮನಿರು’ ಎಂದು ತೋರಿಸಿತು. ನಕ್ಕು ನಕ್ಕು ಸಾಕಾಯಿತು. ನೀನು ಬಂದರೆ ಯಾಕೆ ನಗುತ್ತಿದ್ದೇವೆ ಎಂದು ಖಂಡಿತ ಗೊತ್ತಾಗುತ್ತದೆ.

ಮತ್ತೆ, ಈ ವರ್ಷದ ನಿನ್ನ ಐದು ಕಾಗದಗಳಲ್ಲಿ ಮೂರರಲ್ಲಿ ಲಾಂಚಿನವರು ಇದ್ದಾರೆ. ಕೋರ್ಟಿನಲ್ಲಿ ಕೊಟ್ಟ ಚೀಟಿಗೆ ಅರ್ಥ ನನ್ನನ್ನು ಕೇಳಿದ್ದೀ. ಅರ್ಥ ನನಗೆ ಗೊತ್ತು, ನಿನಗೂ ಗೊತ್ತು. ಹೌದೋ ಅಲ್ಲವೋ, ಅಷ್ಟು ಹೇಳು.

ಪುಟ್ಟಿ

*

ಆಗಸ್ಟ್ 30

ಪುಟ್ಟೀ,

ಹೌದು.

ಈ ಒಂದು ಪದ ಬರೆಯಲು ಎರಡು ತಿಂಗಳು ಹಿಡಿಯಿತು. ಮಧ್ಯೆ ‘ಗಿಡ ಚೆನ್ನಾಗಿದೆ, ಮಳೆ ಬಂತು’ ಎಂದು ಕಳಿಸಿದ ಪೋಸ್ಟ್‌ಕಾರ್ಡುಗಳನ್ನು ಲೆಕ್ಕಕ್ಕೆ ಹಿಡಿಯಬೇಡ, ಅವು ಧೈರ್ಯ ತಂದುಕೊಳ್ಳಲು ಬರೆದವು.

ಹೋದ ತಿಂಗಳು ಅವರ ಊರಿಗೆ ಹೋಗಿದ್ದೆ. ಅವರು ಹಿಂದೆ ನಡೆಸುತ್ತಿದ್ದ ಲಾಂಚಿನಲ್ಲಿ, ಈಗಿನ ಚಾಲಕನನ್ನು ಪಕ್ಕಕ್ಕೆ ಕೂರಿಸಿ, ನನ್ನನ್ನು ಆಚೆ ದಡಕ್ಕೆ ಕರೆದೊಯ್ದರು. ಅವರ ಹೆಂಡತಿ ಹೋಗಿ ಬಹಳ ವರ್ಷವಾಯಿತು. ಅವರ ಬಗ್ಗೆ ಹೇಳಿದರು, ನಾನು ನಿಮ್ಮಪ್ಪನ ಬಗ್ಗೆ ಹೇಳಿದೆ. ಎಂಜಿನ್ನಿನ ಸದ್ದಿಗೆ ಅವರಿಗೂ ಏನೂ ಕೇಳಿಸುತ್ತಿರಲಿಲ್ಲ. ಇಬ್ಬರೂ ಚೀಟಿ ಬರೆದು ಬರೆದು ಕೊಟ್ಟೆವು. ಎರಡು ಚೀಟಿ ಗಾಳಿಗೆ ಹಾರಿ ನೀರಿಗೆ ಬಿದ್ದವು. ಅದರಲ್ಲೊಂದು ಬಹಳ ಮುಖ್ಯವಾದದ್ದಂತೆ. ಏನು ಬರೆದಿದ್ದಿರಿ ಅಂದರೆ, ಇಳಿವಯಸ್ಸಿನಲ್ಲಿ ಮುಖ ಕೆಂಪು ಮಾಡಿಕೊಂಡು ಮತ್ತೊಂದು ಬರೆದರು. ಇದನ್ನು ನಾನು ಹಾರಲು ಬಿಡಲಿಲ್ಲ.

ಸೆಪ್ಟೆಂಬರ್ 24, ಬೆಳಿಗ್ಗೆ, ನೋಂದಣಿ ಕಚೇರಿ. ಸಾಕ್ಷಿಗಳಾಗಿ ಡಾಕ್ಟರು ಮತ್ತು ಬೇಕರಿಯಮ್ಮ. ಡಾಕ್ಟರು ಹೊಸ ಕೋಟು ಹೊಲಿಸುತ್ತಿದ್ದಾರೆ, ಬೇಕರಿಯಮ್ಮ ಮೂರು ಅಂತಸ್ತಿನ ಕೇಕು ಮಾಡುತ್ತಾರಂತೆ. ಬೇಡ ಅಂದರೆ ಕೇಳುವವರಲ್ಲ. ಡ್ರೈವರಣ್ಣನನ್ನು, ಅವರ ಮನೆಯವರನ್ನು, ಆ ರಾಣಿಯನ್ನೂ ಕರೆದುಕೊಂಡು ಬಾ. ನನ್ನ ಪಕ್ಕ ಮಗಳಾಗಿ ನಿಲ್ಲುವವಳು ನೀನು. ಆಮೇಲೆ ಎಲ್ಲರೂ ನಿನ್ನ ಮನೆಗೇ ಊಟಕ್ಕೆ ಬರುತ್ತೇವೆ. ಈ ಸಲ ತಿಂಗಳು ಪೂರ್ತಿ ಇರುತ್ತೇವೆ, ಇಬ್ಬರೂ. ದೊಡ್ಡ ಹಾಸಿಗೆ ಇದೆಯೇ ಇಲ್ಲವೇ ಮೊದಲೇ ತಿಳಿಸು.

ಅವರು ಈಗ ಇಲ್ಲೇ ಬಂದಿದ್ದಾರೆ. ಕೆಳಗೆ ನಿನಗೆ ಎರಡು ಸಾಲು ಬರೆಯುತ್ತಾರಂತೆ. ಪೆನ್ನು ಕೊಡುತ್ತಿದ್ದೇನೆ.

ನಿನ್ನ ಅಮ್ಮ

ಮಗಳಿಗೆ ನಮಸ್ಕಾರ. ನಿಮ್ಮ ಅಮ್ಮ ನೋಡದ ಹಾಗೆ ಕೈ ಅಡ್ಡ ಹಿಡಿದು ಬರೆಯುತ್ತಿದ್ದೇನೆ. ನಿಮ್ಮ ಒಪ್ಪಿಗೆ ಕೇಳುವುದು ನನ್ನ ಧರ್ಮ, ತಡವಾಗಿ ಕೇಳುತ್ತಿದ್ದೇನೆ. ಜೊತೆಗೆ ಒಂದು ಸಣ್ಣ ಮಾಹಿತಿ ಬೇಕಿತ್ತು: ಬೆಳಿಗ್ಗೆ ಕಾಫಿಗೆ ಮೊದಲು ಮಾತಾಡಿಸಿದರೆ ಇವರಿಗೆ ಕೋಪ ಬರುತ್ತದೆಯೇ? ಇವತ್ತು ಬಂತು. ದಿನಾ ಹೀಗೆಯೋ, ಇವತ್ತು ಮಾತ್ರವೋ? ದಿನಾ ಹೀಗೆ ಆದರೂ ನಾನು ಹಿಂದೆ ಸರಿಯುವವನಲ್ಲ, ಆದರೆ ತಿಳಿದಿದ್ದರೆ ಕಾಫಿ ಮೊದಲೇ ಮಾಡಿಡಬಹುದು.

ಲಾಂಚಿನವರು

ಪುಟ್ಟೀ, ಏನು ಬರೆದರೋ ತೋರಿಸಲಿಲ್ಲ, ನಗುತ್ತಿದ್ದಾರೆ. ಅವರ ಪರವಾಗಿ ಮಾತ್ರ ಉತ್ತರ ಕೊಟ್ಟೀಯೆ, ಜೋಕೆ. ಬೇಗ ಬಾ.